ದೊಡ್ಡಮ್ಮನಿಗೆ ಜ್ವರ

ನನ್ನ ಅತ್ತೆ ಯಾರ ಮಾತನ್ನೂ ಸುಮ್ಮನೆ ಒಪ್ಪಿಕೊಳ್ಳುವವರಲ್ಲ. ಹಾಲು ಖಾಲಿಯಾಗಿದೆ ಎಂದರೂ ಸರಿ, ಪಕ್ಕದ ಮನೆಯವರು ಊರಲ್ಲಿಲ್ಲ ಎಂದರೂ ಸರಿ, ಕತ್ತೆತ್ತಿ ಒಂದೇ ಪ್ರಶ್ನೆ ಕೇಳುತ್ತಾರೆ: "ನೋಡಿದ್ದಾ, ಅಂದ್ಕೊಂಡಿದ್ದಾ?" ಮದುವೆಯಾದ ಹೊಸತರಲ್ಲಿ ಈ ಪ್ರಶ್ನೆ ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಳಿಯ ಎಂದಮೇಲೆ ಒಂದಿಷ್ಟು ಮರ್ಯಾದೆ ಬೇಡವೇ? ಆದರೆ ಅವರು ಗಂಡನನ್ನೂ ಬಿಟ್ಟವರಲ್ಲ, ಮಗಳನ್ನೂ ಬಿಟ್ಟವರಲ್ಲ. ಒಮ್ಮೆ ಡಾಕ್ಟರರನ್ನೇ ಹಾಗೆ ಕೇಳಿ, ಆ ಮನುಷ್ಯ ಬೆವರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದು ಅವರ ನೌಕರಿಯಿಂದ ಅಂಟಿದ ಚಾಳಿ. ಟೆಲಿಫೋನ್ ಇಲಾಖೆಯಲ್ಲಿ ಅವರು ಕೆಟ್ಟ ಲೈನು ಹುಡುಕುವ ವಿಭಾಗದಲ್ಲಿದ್ದರು. ಕಂಬದಿಂದ ಕಂಬಕ್ಕೆ ಹೋಗುವ ತಂತಿಯಲ್ಲಿ ಮಾತು ಎಲ್ಲಿ ಸತ್ತಿದೆ ಎಂದು ಪತ್ತೆ ಹಚ್ಚುವುದು ಕೆಲಸ. "ಮೊದಲನೇ ಕಂಬದಿಂದ ಹತ್ತೋಕೆ ಶುರು ಮಾಡೋನು ದಡ್ಡ. ಮಧ್ಯದ ಕಂಬ ಹತ್ತಬೇಕು. ಅಲ್ಲಿಂದ ಯಾವ ಕಡೆ ಮಾತು ಕೇಳ್ಸುತ್ತೆ ನೋಡ್ಬೇಕು. ಸರಿ ಇರೋ ಅರ್ಧನ ಮರೆತುಬಿಡಬೇಕು. ಉಳಿದಿದ್ರಲ್ಲಿ ಮತ್ತೆ ಮಧ್ಯ," ಎಂದು ಅವರು ಹೇಳುವುದನ್ನು ನಾನು ಊಟದ ಮೇಜಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೂಂಗುಟ್ಟುತ್ತಿದ್ದೆ, ತಲೆಗೆ ಹಾಕಿಕೊಂಡಿರಲಿಲ್ಲ. ನಾನು ಕನ್ನಡಕದ ಅಂಗಡಿಯವನು. ನನಗೆ ಕಂಬ ಹತ್ತುವ ಉಸಾಬರಿ ಏಕೆ?

ಮಾವ ಬಡಗಿ. ಅವರ ಬಳಿ ಒಂದು ಹಳೆಯ ಹಾಯಿದೋಣಿ ಇದೆ. ಮನೆಯಲ್ಲಿ ಎಲ್ಲರೂ ಅದನ್ನು ದೊಡ್ಡಮ್ಮ ಎನ್ನುತ್ತಾರೆ, ಏಕೆಂದರೆ ಅದು ಅತ್ತೆಗಿಂತ ವಯಸ್ಸಿನಲ್ಲಿ ದೊಡ್ಡದು. ಮರದ ಮೈ, ಹಾಯಿಗೆ ಒಂದೇ ಕಂಬ, ಒಳಗೆ ಇಬ್ಬರು ಮಲಗುವಷ್ಟು ಜಾಗ, ಮೆಟ್ಟಿಲ ಕೆಳಗೆ ಒಂದು ಡೀಸೆಲ್ ಇಂಜಿನ್. ಗಾಳಿ ಇದ್ದಾಗ ಹಾಯಿ ಎಳೆಯುತ್ತದೆ, ಗಾಳಿ ಕೈಕೊಟ್ಟಾಗ ಇಂಜಿನ್ ತಳ್ಳುತ್ತದೆ. ನನ್ನ ಹೆಂಡತಿ ಅಂಬೆಗಾಲಿಟ್ಟಿದ್ದು ಆ ದೋಣಿಯ ಹಲಗೆಯ ಮೇಲೆ. ನನಗಂತೂ ದೋಣಿ ಹತ್ತಿದರೆ ಹೊಟ್ಟೆ ತೊಳಸುತ್ತದೆ. ಆದರೂ ಭಾನುವಾರ ಬಂತೆಂದರೆ ಹೋಗುತ್ತೇನೆ. ಆ ಗಂಡ ಹೆಂಡತಿ ಇಬ್ಬರೂ ಮಾತೇ ಇಲ್ಲದೆ ಹಾಯಿ ಏರಿಸಿ ಇಳಿಸುವುದನ್ನು ನೋಡುವುದು ಒಂದು ಸುಖ. ಅವರು ಕೈ ಚಾಚಿದರೆ ಇವರು ಹಗ್ಗ ಕೊಟ್ಟಿರುತ್ತಾರೆ.

ಈಚಿನ ವರ್ಷಗಳಲ್ಲಿ ಮಾವನ ಕಣ್ಣು ಹೋಗುತ್ತಾ ಬಂತು. ಪೂರ್ತಿ ಕತ್ತಲೆಯಲ್ಲ. ನೇರವಾಗಿ ಏನನ್ನು ನೋಡುತ್ತಾರೋ ಅದೇ ಮಾಯ, ಸುತ್ತಲಿನದು ಮಾತ್ರ ಕಾಣುತ್ತದೆ. ಕನ್ನಡಕದಿಂದ ಸರಿಹೋಗುವ ಕಾಯಿಲೆಯಲ್ಲ ಅದು. ಅಂಗಡಿಯಲ್ಲಿದ್ದ ಗಾಜನ್ನೆಲ್ಲ ಅವರ ಮೂಗಿನ ಮೇಲಿಟ್ಟು ನೋಡಿ ನಾನೇ ಸೋತಿದ್ದೇನೆ. ದೋಣಿ ನಡೆಸುವ ಪರವಾನಗಿಯನ್ನು ಅವರು ತಾವಾಗಿಯೇ ಬಂದರಿನ ಕಚೇರಿಗೆ ಹಿಂತಿರುಗಿಸಿದರು. ಆಗ ಕಚೇರಿಯವರು ನಿಯಮ ತೆಗೆದರು: ಮನೆಯಲ್ಲಿ ಒಬ್ಬರ ಹೆಸರಿನಲ್ಲಾದರೂ ಪರವಾನಗಿ ಇರಬೇಕು, ಇಲ್ಲದಿದ್ದರೆ ಧಕ್ಕೆಯಲ್ಲಿ ದೋಣಿ ಕಟ್ಟುವ ಜಾಗ ಸರದಿಯಲ್ಲಿ ಕಾಯುತ್ತಿರುವವರಿಗೆ ಹೋಗುತ್ತದೆ. ಜಾಗವಿಲ್ಲದ ಹಳೆಯ ಮರದ ದೋಣಿಯನ್ನು ಯಾರು ಕೊಳ್ಳುತ್ತಾರೆ? ಸೌದೆಗೆ ಹೋಗುತ್ತದೆ.

"ನಾನು ಪರೀಕ್ಷೆ ಕಟ್ತೀನಿ," ಎಂದರು ಅತ್ತೆ, ಅಕ್ಕಿ ಆರಿಸುತ್ತಾ, ನಾಳೆ ಬಟ್ಟೆ ಒಗೀತೀನಿ ಅನ್ನುವ ಧಾಟಿಯಲ್ಲಿ. ಹರೆಯದಿಂದ ಮಾವನ ಪಕ್ಕದಲ್ಲೇ ಹಗ್ಗ ಹಿಡಿದು ನಿಂತವರು, ಚುಕ್ಕಾಣಿ ಹಿಡಿದು ಪರೀಕ್ಷೆ ಕೊಡಲು ಈ ವಯಸ್ಸಿನಲ್ಲಿ ಪುಸ್ತಕ ಹಿಡಿದು ಕೂತರು. ಬರಹದ ಪರೀಕ್ಷೆ ಪಾಸಾಯಿತು. ಉಳಿದದ್ದು ನೀರಿನ ಮೇಲಿನದು. ಪರೀಕ್ಷಕರು ಬೇರೆ ಊರಿಂದ ಬರುವವರು, ಈ ಋತುವಿನಲ್ಲಿ ಅವರು ಬರುವುದು ಇದೇ ಕೊನೆಯ ಸಲ. ತಮ್ಮದೇ ದೋಣಿಯಲ್ಲಿ, ಹಾಯಿ ಇಳಿಸಿಕೊಂಡು, ನದಿ ಕಡಲು ಸೇರುವ ಅಳಿವೆಯ ಸೆಳೆತಕ್ಕೆ ಎದುರಾಗಿ ಇಂಜಿನ್ನಿನ ಪೂರ್ತಿ ಜೋರಿನಲ್ಲಿ ಹೋಗಿ ಬರಬೇಕು.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಒಂದು ಸುತ್ತು ಹೋಗಿಬರೋಣ ಎಂದು ಹೊರಟೆವು. ಧಕ್ಕೆಯಿಂದ ಆಚೆ ಬಂದು ಅತ್ತೆ ವೇಗ ಏರಿಸಿದ್ದೇ ತಡ, ಬಿಸಿ ತೋರಿಸುವ ಮುಳ್ಳು ಮೇಲೆ ಹತ್ತತೊಡಗಿತು. ಕೆಂಪು ಗೆರೆ ಮುಟ್ಟಿತು. ಎಚ್ಚರಿಕೆಯ ಸೀಟಿ ಕಿರುಚಿತು. ಮೆಟ್ಟಿಲ ಸಂದಿಯಿಂದ ಬಿಸಿ ರಬ್ಬರಿನ ವಾಸನೆ ಬಂತು. ಅತ್ತೆ ಕೂಡಲೇ ವೇಗ ಇಳಿಸಿದರು, ಮುಳ್ಳು ನಿಧಾನಕ್ಕೆ ಕೆಳಗೆ ಬಂತು. ಮತ್ತೆ ಏರಿಸಿದರು, ಮತ್ತೆ ಕೆಂಪು.

"ದೊಡ್ಡಮ್ಮನಿಗೆ ಜ್ವರ," ಎಂದೆ ನಾನು. ಯಾರೂ ನಗಲಿಲ್ಲ.

ಆಮೆಯ ನಡಿಗೆಯಲ್ಲಿ ವಾಪಸು ಬಂದು ದೋಣಿ ಕಟ್ಟಿದೆವು. ಬಂದರಿನ ಮೆಕ್ಯಾನಿಕ್ ಬಂದ. ಒಳ್ಳೆಯ ಮನುಷ್ಯ, ಕೆಲಸಗಾರ. ಈ ತರಹದ ಇಂಜಿನ್ ತಣ್ಣಗಾಗುವುದು ಸಮುದ್ರದ ನೀರಿನಿಂದಲೇ ಎಂದು ನನಗೆ ಅವನೇ ಬಿಡಿಸಿ ಹೇಳಿದ. ತಳದ ತೂತಿನಿಂದ ನೀರು ಒಳಗೆ ಬರುತ್ತದೆ, ಪಂಪು ಅದನ್ನು ಎಳೆದು ಇಂಜಿನ್ನಿನ ಮೈಯೊಳಗೆ ಸುತ್ತಿಸುತ್ತದೆ, ಬಿಸಿಯನ್ನು ಹೊತ್ತ ನೀರು ಹಿಂದಿನ ಕೊಳವೆಯಿಂದ ಹೊಗೆಯ ಜೊತೆ ಹೊರಗೆ ಚಿಮ್ಮುತ್ತದೆ. ಅವನು ಪಂಪಿನೊಳಗಿನ ರಬ್ಬರ್ ಚಕ್ರ ತೆಗೆದು ನೋಡಿದ, ರೆಕ್ಕೆಗಳು ಸರಿಯಿದ್ದವು. ಆದರೂ ಹೊಸದು ಹಾಕಿದ. ಇಂಜಿನ್ ಬಿಸಿಯಾದಾಗ ತಾನಾಗಿ ತೆರೆದು ನೀರು ಬಿಡುವ ಥರ್ಮೋಸ್ಟಾಟನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬಾಯಿ ತೆರೆಯುವುದನ್ನು ಅತ್ತೆಗೆ ತೋರಿಸಿದ. ಅದೂ ಸರಿ. ಇಂಜಿನ್ ಹಚ್ಚಿದರೆ ಜ್ವರ ಹಾಗೇ ಇತ್ತು.

"ಅಮ್ಮಾ, ಇಂಜಿನ್ ಒಳಗಡೆ ಉಪ್ಪು ತುಕ್ಕು ಕಟ್ಟಿ ನೀರಿನ ದಾರಿ ಮುಚ್ಚಿರಬೇಕು. ಹಳೇ ಇಂಜಿನ್ನಿಗೆ ಇದು ಬರೋ ಕಾಯಿಲೇನೇ. ಹೊರಗೆ ಎತ್ತಿ ಬಿಚ್ಚಿ ತೊಳೀಬೇಕು. ನಾಳೆ ಒಳಗೆ ಮಾತ್ರ ಆಗಲ್ಲ," ಎಂದು ಅವನು ಕೈ ಒರೆಸಿಕೊಂಡ.

"ಮುಚ್ಚಿದೆ ಅನ್ನೋದು ನೋಡಿದ್ದಾ, ಅಂದ್ಕೊಂಡಿದ್ದಾ?"

ಮೆಕ್ಯಾನಿಕ್ ಅವರನ್ನು ಬಹಳ ವರ್ಷದಿಂದ ಬಲ್ಲ. ಬೇಸರ ಮಾಡಿಕೊಳ್ಳಲಿಲ್ಲ. "ಅಂದ್ಕೊಂಡಿದ್ದೇ ಅಮ್ಮಾ. ಬಿಚ್ಚದೆ ನೋಡೋಕಾಗಲ್ಲ. ಪಂಪು ಸರಿ, ಥರ್ಮೋಸ್ಟಾಟ್ ಸರಿ, ಅದು ನೋಡಿದ್ದು." ಇನ್ನೊಂದು ದೋಣಿಯವರು ಅವನಿಗಾಗಿ ಕಾಯುತ್ತಿದ್ದರು, ಹೋದ.

ಮಾವ ಧಕ್ಕೆಯ ಗೂಟದ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಅವರ ಮುಖ ಬಾಡಿತ್ತು. "ಹೋಗ್ಲಿ ಬಿಡೇ," ಎಂದರು ಮೆಲ್ಲಗೆ. "ಅದರ ಕಾಲ ಮುಗೀತು ಅನ್ಸುತ್ತೆ."

ಆ ದೋಣಿಯ ಬಗ್ಗೆ ನಾನು ಎಷ್ಟು ಗೊಣಗಿದ್ದೇನೆ, ಅದು ಇಲ್ಲದ ಭಾನುವಾರವನ್ನು ಮಾತ್ರ ಊಹಿಸಿಕೊಳ್ಳಲಾಗಲಿಲ್ಲ. ಅತ್ತೆ ಸೀದಾ ದೋಣಿಯೊಳಗೆ ಇಳಿದರು. ಮೆಟ್ಟಿಲು ಎತ್ತಿ ಪಕ್ಕಕ್ಕಿಟ್ಟು, ಇಂಜಿನ್ನಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಪೈಪುಗಳನ್ನು ಒಂದೊಂದಾಗಿ ಕಣ್ಣಲ್ಲೇ ಹಿಂಬಾಲಿಸಿದರು. ತಳದಿಂದ ಹೊರಟು ವಾಲ್ವು, ವಾಲ್ವಿನಿಂದ ಪಂಪು, ಪಂಪಿನಿಂದ ಇಂಜಿನ್, ಇಂಜಿನ್ನಿನಿಂದ ಹಿಂದಿನ ಕೊಳವೆ. ಆಮೇಲೆ ಪಂಪಿನ ಮೇಲೆ ಕೈ ಇಟ್ಟರು.

"ಇದು ಮಧ್ಯದ ಕಂಬ," ಎಂದರು.

ನನಗೆ ಅರ್ಥವಾಗಲಿಲ್ಲ. ಅರ್ಥವಾಗುವಷ್ಟರಲ್ಲಿ ಕೈಗೆ ಎರಡು ಬಕೆಟ್ಟು ಬಂದಿದ್ದವು.

"ಅಳಿಯಂದಿರೇ, ಧಕ್ಕೆ ಮೇಲಿನ ನಲ್ಲಿಯಿಂದ ನೀರು ತನ್ನಿ. ತರ್ತಾನೇ ಇರಿ. ನಾನು ಸಾಕು ಅನ್ನೋವರೆಗೂ."

ಅವರು ಮಾಡಿದ್ದು ಇಷ್ಟೆ. ವಾಲ್ವು ಮುಚ್ಚಿ, ಪಂಪಿಗೆ ನೀರು ತರುವ ಪೈಪನ್ನು ವಾಲ್ವಿನಿಂದ ಬಿಚ್ಚಿದರು. ಬಿಚ್ಚಿದ ತುದಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದರು. ಈಗ ಪಂಪು ಸಮುದ್ರದಿಂದಲ್ಲ, ಬಕೆಟ್ಟಿನಿಂದ ನೀರು ಕುಡಿಯಬೇಕು. ದೋಣಿಯನ್ನು ಎರಡೆರಡು ಹಗ್ಗದಲ್ಲಿ ಬಿಗಿದು, ಇಂಜಿನ್ ಹಚ್ಚಿ, ಗೇರು ಹಾಕಿ, ವೇಗವನ್ನು ಪೂರ್ತಿ ಏರಿಸಿದರು. ದೊಡ್ಡಮ್ಮ ಹಗ್ಗ ಹರಿದುಕೊಂಡು ಓಡುವವಳ ಹಾಗೆ ಜಗ್ಗಿದಳು.

ಪಂಪು ಆ ಬಕೆಟ್ಟನ್ನು ಗಟಗಟ ಕುಡಿದು ಮುಗಿಸಿತು. ನಾನು ಸುರಿದೆ, ಅದು ಕುಡಿಯಿತು. ಊಟದ ಬಿಡುವಿನಲ್ಲಿ ತನ್ನ ಕಚೇರಿಯಿಂದ ಬಂದ ನನ್ನ ಹೆಂಡತಿ, ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಲ್ಲಿಗೂ ದೋಣಿಗೂ ನಡುವೆ ನಿಂತು ಬಕೆಟ್ಟು ದಾಟಿಸತೊಡಗಿದಳು. ನನ್ನ ಬೆನ್ನು ಬಿದ್ದುಹೋಯಿತು. ಅತ್ತೆ ಮಾತ್ರ ಮುಳ್ಳಿನ ಮೇಲಿಂದ ಕಣ್ಣು ಕೀಳಲಿಲ್ಲ. ನಾನು ಏದುಸಿರು ಬಿಡುತ್ತಾ ಬಗ್ಗಿ ನೋಡಿದೆ. ಮುಳ್ಳು ಮಧ್ಯದಲ್ಲಿ ನಿಂತಿತ್ತು, ಗೋಡೆಗೆ ಮೊಳೆ ಹೊಡೆದಂತೆ. ಹಿಂದಿನ ಕೊಳವೆ ನೀರನ್ನು ಭರಭರ ಉಗುಳುತ್ತಿತ್ತು.

"ಸಾಕು," ಎಂದು ಅವರು ಇಂಜಿನ್ ಆರಿಸಿದರು. "ರೀ, ಕೇಳಿಸ್ತಾ? ಇಂಜಿನ್ನಿಗೆ ಏನೂ ಆಗಿಲ್ಲ. ಪಂಪಿನಿಂದ ಆಚೆ ಎಲ್ಲಾ ಸರಿ ಇದೆ. ಅದನ್ನ ಮರೆತುಬಿಡಿ. ನೀರು ಪಂಪಿಗೆ ಬರೋಕೆ ಮುಂಚೇನೇ ಎಲ್ಲೋ ಸಿಕ್ಕಾಕೊಂಡಿದೆ."

ಒಂದು ಬಕೆಟ್ಟು, ಒಂದು ಪೈಪು. ಅರ್ಧ ದೋಣಿಯನ್ನು ಅವರು ಅನುಮಾನದಿಂದ ಬಿಡಿಸಿಬಿಟ್ಟಿದ್ದರು. ಮದುವೆಯಾದಾಗಿನಿಂದ ಊಟದ ಮೇಜಿನಲ್ಲಿ ಕೇಳಿ ಕೇಳಿ ಬೇಸತ್ತಿದ್ದ ಕಂಬದ ಕಥೆ ಇದೇನಾ ಎಂದು ನನಗೆ ಆಗ ಹೊಳೆಯಿತು. ಅಲ್ಲೇ ಕಾಲಿಗೆ ಬೀಳೋಣ ಅನ್ನಿಸಿತು, ಬಗ್ಗಲು ಬೆನ್ನು ಒಪ್ಪಲಿಲ್ಲ. ಮೆಕ್ಯಾನಿಕ್‌ಗೆ ಸುದ್ದಿ ಮುಟ್ಟಿಸಿದಾಗ ಅವನು ಆಚೆ ದೋಣಿಯಿಂದಲೇ ಎರಡೂ ಕೈ ಎತ್ತಿ ನಕ್ಕು, "ಹಾಗಾದ್ರೆ ವಾಲ್ವ್ ಹತ್ರ ನೋಡಿ ಅಮ್ಮಾ," ಎಂದು ಕೂಗಿದ.

ಅತ್ತೆ ಅದನ್ನೇ ನೋಡುತ್ತಿದ್ದರು. ಪೈಪು ಬಿಚ್ಚಿದ ವಾಲ್ವನ್ನು ನಿಧಾನವಾಗಿ ತೆರೆದರು. ದೋಣಿಯ ತಳ ನೀರಿನ ಕೆಳಗಿರುತ್ತದೆ, ತೆರೆದ ಕೂಡಲೇ ನೀರು ಮೊಣಕಾಲೆತ್ತರ ಚಿಮ್ಮಬೇಕು. ನಾನು ಹೆದರಿ ಎರಡು ಹೆಜ್ಜೆ ಹಿಂದೆ ಸರಿದಿದ್ದೆ. ಬಂದದ್ದು ಬೇಸಿಗೆಯ ನಲ್ಲಿಯಲ್ಲಿ ಬರುವಷ್ಟು ನೀರು. ಸುರ್ ಎಂದು ಅಂಚಿನ ಮೇಲಿಂದ ಸೋರಿತು ಅಷ್ಟೆ. ನಿಧಾನಕ್ಕೆ ಹೋಗುವಾಗ ಅಷ್ಟು ನೀರು ಸಾಲುತ್ತದೆ, ಜೋರಾಗಿ ಓಡುವಾಗ ಗಂಟಲು ಒಣಗುತ್ತದೆ.

ಒಂದು ತಂತಿಯನ್ನು ವಾಲ್ವಿನ ಬಾಯಿಂದ ಕೆಳಗೆ ಇಳಿಸಿದರು. ಸಲೀಸಾಗಿ ಹೋಯಿತು. ಕೊನೆಯಲ್ಲಿ ಟಣ್ ಎಂದು ಏನಕ್ಕೋ ತಗುಲಿ ನಿಂತಿತು.

"ಅದು ಹೊರಗಡೆ ಜರಡಿ," ಎಂದರು ಮಾವ ಗೂಟದ ಮೇಲಿಂದ. ಸದ್ದಿನಿಂದಲೇ ಗುರುತಿಸಿದ್ದರು. ಕಸ ಒಳಗೆ ಬರದಂತೆ ತಳದ ತೂತಿಗೆ ಹೊರಗಿನಿಂದ ಅಂಗೈಯಗಲದ ಹಿತ್ತಾಳೆಯ ಜರಡಿ ಹಾಕಿದ್ದಾರೆ ಎಂದು ನನಗೆ ವಿವರಿಸಿದರು. "ಅಲ್ಲಿ ಏನೂ ಇರೋಕೆ ಸಾಧ್ಯ ಇಲ್ಲ. ಸಮುದ್ರದ ಚಿಪ್ಪು ಕಟ್ಟಬಾರದು ಅಂತ ತಳದ ಜೊತೆ ಅದಕ್ಕೂ ಬಣ್ಣ ಬಳೀತೀನಿ. ಬಳಿದಮೇಲೆ ಒಂದೊಂದು ತೂತನ್ನೂ ದಬ್ಬಳ ಚುಚ್ಚಿ ಬಿಡಿಸ್ತೀನಿ. ಪ್ರತಿ ವರ್ಷ. ಈ ವರ್ಷ ಇವಳ ಪರೀಕ್ಷೆ ಅಂತ ಇನ್ನೊಂದು ಕೈ ಜಾಸ್ತೀನೇ ಬಳಿದಿದೀನಿ. ತೂತೂ ಬಿಡಿಸಿದೀನಿ."

ಅತ್ತೆಯ ಪ್ರಶ್ನೆಗಾಗಿ ನಾನು ಕಾದೆ. ಬರಲಿಲ್ಲ. ಮಾವನ ಕಡೆ ನೋಡಿದರು, ತಂತಿಯನ್ನು ಮೇಲಕ್ಕೆಳೆದು ಸುತ್ತಿಟ್ಟರು. ಆ ಪ್ರಶ್ನೆಯನ್ನು ಅವರು ನುಂಗಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಚುಕ್ಕಾಣಿ ಬಿಟ್ಟಮೇಲೆ ಮಾವನಿಗೆ ಆ ದೋಣಿಯಲ್ಲಿ ಒಬ್ಬರೇ ಮಾಡಲು ಉಳಿದಿದ್ದ ಕೆಲಸ ಅದೊಂದೇ. ವರ್ಷಕ್ಕೊಮ್ಮೆ ದೋಣಿಯನ್ನು ದಡಕ್ಕೆ ಎಳೆದಾಗ, ತಳದ ಕೆಳಗೆ ಅಂಗಾತ ಮಲಗಿ ಬಣ್ಣ ಬಳಿಯುವುದು. ಅದಕ್ಕೆ ಕಣ್ಣು ಬೇಡ, ಕೈ ಸಾಕು ಎಂದು ಅವರೇ ಹೇಳುತ್ತಿದ್ದರು. ನಾವೂ ಹೌದೆನ್ನುತ್ತಿದ್ದೆವು.

"ಸಂಜೆ ಇಳಿತ ಇದೆ," ಎಂದಷ್ಟೇ ಅತ್ತೆ ಹೇಳಿದರು. "ಗೋಡೆ ಪಕ್ಕ ನಿಲ್ಲಿಸಿ ನೋಡೋಣ."

ಧಕ್ಕೆಯ ಒಂದು ಮೂಲೆಯಲ್ಲಿ ಎತ್ತರದ ಕಲ್ಲಿನ ಗೋಡೆ ಇದೆ. ಸಮುದ್ರ ಇಳಿದಾಗ ಅಲ್ಲಿ ನೆಲ ಕಾಣುತ್ತದೆ. ಗೋಡೆಗೆ ಒರಗಿಸಿ ಕಟ್ಟಿದರೆ ದೋಣಿ ತನ್ನ ತಳದ ನಡುದಿಮ್ಮಿಯ ಮೇಲೆ ಕೂರುತ್ತದೆ, ನೀರು ಮತ್ತೆ ಏರುವವರೆಗೆ ಕೆಳಗಿಳಿದು ಕೆಲಸ ಮಾಡಬಹುದು. ಇಂಜಿನ್ ಹಚ್ಚದೆ, ಬರೀ ಹಗ್ಗದಲ್ಲಿ ಎಳೆದು ದೊಡ್ಡಮ್ಮನನ್ನು ಅಲ್ಲಿಗೆ ತಂದೆವು. ಹಿಂದಿನ ಹಗ್ಗ ಮಾವನ ಕೈಯಲ್ಲಿತ್ತು. ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲಬೇಕು ಎಂದು ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ನಾನು ಹಿಡಿದ ಹಗ್ಗಕ್ಕೆ ಮಾತ್ರ ಇಬ್ಬಿಬ್ಬರು ಸಲಹೆಗಾರರಿದ್ದರು.

ನೀರು ಇಳಿಯುತ್ತಾ ಹೋಯಿತು. ದೋಣಿ ಒಮ್ಮೆ ನರಳಿ ಕೂತುಕೊಂಡಿತು. ಬಿಸಿಲು ಓರೆಯಾಗಿದ್ದಾಗ ಅತ್ತೆ, ಮಾವ, ನಾನು ಮೂವರೂ ಕಬ್ಬಿಣದ ಏಣಿ ಇಳಿದು ಕೆಸರಿಗೆ ಕಾಲಿಟ್ಟೆವು. ಮಾವ ಗೋಡೆ ಹಿಡಿದು ನಿಂತರು. ಅತ್ತೆ ಮುಂದೆ ಹೋಗಿ, ದೋಣಿಯ ಹೊಟ್ಟೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಜರಡಿಯ ಮೇಲಿನ ಪಾಚಿಯನ್ನು ಬಟ್ಟೆಯಿಂದ ಒರೆಸಿದರು. ನಾನು ಟಾರ್ಚ್ ಹಾಕಿದೆ.

ಜರಡಿ ಇತ್ತು, ತೂತುಗಳು ಇರಲಿಲ್ಲ. ಕಡುಗೆಂಪು ಬಣ್ಣ, ಪದರದ ಮೇಲೆ ಪದರ, ನುಣ್ಣಗೆ ಚೆಂದವಾಗಿ ಕೂತಿತ್ತು. ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ತೂತು ಅರೆಗಣ್ಣು ತೆರೆದಿತ್ತು. ಉಳಿದವೆಲ್ಲ ಮುಚ್ಚಿದ್ದವು. ತೂತು ಇರಬೇಕಾದ ಪ್ರತಿ ಜಾಗದ ಪಕ್ಕದಲ್ಲೂ, ಬಣ್ಣದ ಮೇಲೆ, ಒಂದೊಂದು ಪುಟ್ಟ ಕುಳಿ ಇತ್ತು. ದಬ್ಬಳದ ಗುರುತು. ಸಾಲು ತಪ್ಪದೆ, ಒಂದನ್ನೂ ಬಿಡದೆ ಚುಚ್ಚಿದ್ದರು. ಎಲ್ಲವೂ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ.

ಅಂಗಡಿಗೆ ಬರುವವರಿಗೆ ಈ ಕಣ್ಣಿನ ಕಾಯಿಲೆಯನ್ನು ನಾನು ದಿನವೂ ವಿವರಿಸುತ್ತೇನೆ, ಚಿತ್ರ ಬರೆದು ತೋರಿಸುತ್ತೇನೆ. ಅದು ಏನು ಮಾಡುತ್ತದೆಂದು ನನಗೆ ನಿಜವಾಗಿ ತಿಳಿದದ್ದು ಆ ಕುಳಿಗಳನ್ನು ನೋಡಿದಾಗ.

"ಏನೇ? ಏನಿದೆ?" ಎಂದು ಮಾವ ಗೋಡೆಯ ಪಕ್ಕದಿಂದ ಕೇಳಿದರು.

ನಾನು ಅತ್ತೆಯ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದೆ: "ಚಿಪ್ಪು ಕಟ್ಕೊಂಡಿದೆ ಅಂದ್ಬಿಡೋಣ. ನಾನೇ ಕೆರೆದು ಹಾಕ್ತೀನಿ."

ಅವರು ನನ್ನನ್ನು ದಿಟ್ಟಿಸಿದರು. ಕೋಪವಿರಲಿಲ್ಲ. "ಚಿಪ್ಪು ನೋಡಿದ್ರಾ?" ಎಂದರು. ನಾನು ನಾಲಿಗೆ ಕಚ್ಚಿಕೊಂಡೆ.

"ರೀ, ಇಲ್ಲಿ ಬನ್ನಿ," ಎಂದು ಅವರೇ ಎದ್ದು ಹೋಗಿ ಮಾವನನ್ನು ಕೈಹಿಡಿದು ಕರೆತಂದರು. ಬಗ್ಗಿಸಿ, ಅವರ ತೋರುಬೆರಳನ್ನು ಹಿಡಿದು ಜರಡಿಯ ಮೇಲೆ ಇಟ್ಟರು.

ಮಾವನ ಬೆರಳು ಒಂದು ಸಾಲು ಉದ್ದಕ್ಕೂ ಹೋಯಿತು. ಇನ್ನೊಂದು ಸಾಲು ಬಂತು. ಒಂದು ಕುಳಿಯ ಹತ್ತಿರ ನಿಂತಿತು. ಅಲ್ಲಿಂದ ಪಕ್ಕಕ್ಕೆ ಸರಿಯಿತು, ಮತ್ತೆ ಕುಳಿಗೆ ಬಂತು. ಬಡಗಿಯ ಬೆರಳು ಅದು, ಮರದ ಮೇಲಿನ ಕಾಗದದಷ್ಟು ಉಬ್ಬನ್ನೂ ಹಿಡಿಯುತ್ತದೆ.

"ಪಕ್ಕಕ್ಕೆ ಬಿದ್ದಿದೆ," ಎಂದರು ಕೊನೆಗೆ.

"ಹೂಂ."

"ಎಲ್ಲಾನೂ?"

"ಹೆಚ್ಚುಕಮ್ಮಿ ಎಲ್ಲಾನೂ. ಹಳೇ ಪದರದಲ್ಲೂ ಹಾಗೇ ಇದೆ."

"ನಿನ್ನ ಪರೀಕ್ಷೆ ನಾನೇ ಕೆಡಿಸ್ತಿದ್ನಲ್ಲೇ."

"ನಾಳೆ ಅಲ್ವಾ ಪರೀಕ್ಷೆ," ಎಂದರು ಅತ್ತೆ. "ಇನ್ನೂ ಕೆಟ್ಟಿಲ್ಲ. ಬಣ್ಣ ಮಾತ್ರ ಭಾಳ ಚೆನ್ನಾಗಿ ಕೂತಿದೆ, ಒಂದು ಚಿಪ್ಪಿಲ್ಲ." ಅದೂ ನೋಡಿ ಹೇಳಿದ ಮಾತೇ. ಆಮೇಲೆ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ದಬ್ಬಳ ತೆಗೆದರು. ನಾನು ಕೈ ಚಾಚಿದೆ. ಅವರು ಅದನ್ನು ಮಾವನ ಅಂಗೈಯಲ್ಲಿಟ್ಟರು.

ನನಗೆ ಪಿತ್ತ ನೆತ್ತಿಗೇರಿತು, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಆಚೆ ಅಳಿವೆಯಲ್ಲಿ ನೀರು ಆಗಲೇ ತಿರುಗಿತ್ತು. ಕೆಸರಿನ ಮೇಲೆ ಸಣ್ಣ ಸಣ್ಣ ನಾಲಿಗೆ ಚಾಚುತ್ತಾ ಗೋಡೆಯ ಕಡೆ ಬರುತ್ತಿತ್ತು. ಜರಡಿ ಮುಳುಗಿದರೆ ಮತ್ತೆ ನೆಲ ಕಾಣುವುದು ನಡುರಾತ್ರಿ ಕಳೆದ ಮೇಲೆ, ಆ ಕತ್ತಲಲ್ಲಿ ಏನೂ ಮಾಡುವ ಹಾಗಿಲ್ಲ. ಕಣ್ಣಿರುವ ನಾನು ಮಾಡಿದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಕೆಲಸ. ದೋಣಿಯ ಜಾಗ, ಅತ್ತೆಯ ಓದು, ಎಲ್ಲವೂ ಆ ಜರಡಿಯ ಮೇಲೆ ನಿಂತಿತ್ತು. ಅದನ್ನು ಕಾಣದ ಕೈಗೆ ಕೊಟ್ಟು ಈಕೆ ಸುಮ್ಮನೆ ಪಕ್ಕದಲ್ಲಿ ನಿಂತುಬಿಟ್ಟರಲ್ಲ.

ಮಾವ ಈ ಸಲ ಕಣ್ಣನ್ನು ನಂಬಲಿಲ್ಲ, ಮುಚ್ಚಿಯೇಬಿಟ್ಟರು. ಎಡಗೈ ಹೆಬ್ಬೆರಳಿನಿಂದ ಬಣ್ಣವನ್ನು ಒತ್ತಿ ನೋಡಿದರು. ಕೆಳಗೆ ಹಿತ್ತಾಳೆ ಇದ್ದಲ್ಲಿ ಗಟ್ಟಿ, ತೂತು ಇದ್ದಲ್ಲಿ ಬಣ್ಣ ತುಸು ಒಳಗೆ ಹೋಗುತ್ತದೆ. ಒಳಗೆ ಹೋದ ಜಾಗಕ್ಕೆ ಉಗುರು ಒತ್ತಿ ಹಿಡಿದು, ದಬ್ಬಳದ ಮೊನೆಯನ್ನು ಉಗುರಿನ ಬೆನ್ನ ಮೇಲೆ ಜಾರಿಸಿ ಚುಚ್ಚಿದರು. ಟಪ್ ಎಂದು ಬಣ್ಣದ ಹಕ್ಕಳೆ ಕಳಚಿ ಬಿತ್ತು. ತೂತಿನಿಂದ ಒಳಗಿದ್ದ ನೀರು ಒಂದು ಹನಿ ಜಾರಿತು. ಮಾವ ಮುಂದಿನದಕ್ಕೆ ಹೋದರು.

ನೀರು ನಮ್ಮ ಹಿಮ್ಮಡಿ ಮುಟ್ಟಿತು. ಕಣಕಾಲಿಗೆ ಬಂತು. ನಾನು ಅತ್ತೆಯ ಮುಖ ನೋಡಿದೆ, ಒಂದು ಸನ್ನೆ ಸಾಕಿತ್ತು, ದಬ್ಬಳ ಕಿತ್ತುಕೊಂಡಿರುತ್ತಿದ್ದೆ. ಅವರು ಸನ್ನೆ ಮಾಡಲಿಲ್ಲ. ಬೇಗ ಎನ್ನಲಿಲ್ಲ, ನಿಧಾನ ಎನ್ನಲಿಲ್ಲ, ಅಲ್ಲಿ ಇಲ್ಲಿ ಎಂದು ದಾರಿ ತೋರಿಸಲಿಲ್ಲ. ಮಾವ ಜಾರದಂತೆ ಅವರ ಬೆನ್ನಿಗೆ ಅಂಗೈ ಕೊಟ್ಟು, ನೀರು ಏರುವುದನ್ನು ನೋಡುತ್ತಾ ನಿಂತಿದ್ದರು. ಬಕೆಟ್ಟಿನ ಉಪಾಯಕ್ಕೆ ನಾನು ತಲೆದೂಗಿದ್ದೆ, ನಿಜ. ಆದರೆ ಆ ಹೆಂಗಸಿನ ಮುಂದೆ ನಾನು ಮನಸಾರೆ ಸೋತದ್ದು ಆ ಕೆಸರಿನಲ್ಲಿ.

ಕೊನೆಯ ಸಾಲಿಗೆ ಬರುವಷ್ಟರಲ್ಲಿ ನೀರು ಮೊಣಕಾಲು ದಾಟಿತ್ತು, ಜರಡಿಯ ಕೆಳ ಅಂಚು ಮುಳುಗಿತ್ತು. ಮಾವ ನೀರಿನೊಳಗೇ ಕೈ ಹಾಕಿ ಮುಗಿಸಿದರು. ಅಂಗೈಯನ್ನು ಜರಡಿಯ ಮೇಲೆ ಒಮ್ಮೆ ಆಡಿಸಿ, "ಈಗ ನೋಡು," ಎಂದರು.

ಅತ್ತೆ ಬಗ್ಗಿದರು. ಟಾರ್ಚ್ ಬೆಳಕಿನಲ್ಲಿ ನೋಡಿದರು, ಮುಳುಗಿದ್ದ ಸಾಲನ್ನು ಬೆರಳಿನಿಂದ ಎಣಿಸುವವರಂತೆ ಮುಟ್ಟಿದರು. "ಎಲ್ಲಾ ಬಿಟ್ಟಿದೆ," ಎಂದರು.

ದೋಣಿ ತೇಲಿದ ಮೇಲೆ ಒಳಗೆ ಹೋಗಿ ವಾಲ್ವು ತೆರೆದೆವು. ನೀರು ಬುಸ್ ಎಂದು ಮೇಲಕ್ಕೆ ಹಾರಿ ನನ್ನ ಮುಖಕ್ಕೇ ಬಡಿಯಿತು. ಬೆಳಗಿನಿಂದ ಮೊದಲ ಸಲ ಮಾವ ನಕ್ಕರು.

ಮರುದಿನದ ಪರೀಕ್ಷಕರು ಮಿತಭಾಷಿ. ಹಗ್ಗ ಹಿಡಿಯಲು ಇಬ್ಬರು ಇರಬಹುದು ಎಂದರು, ಮಾವ ಮತ್ತು ನಾನು ಹತ್ತಿದೆವು. ನಾನು ಹತ್ತಿದ್ದು ಹೆಸರಿಗೆ ಮಾತ್ರ. ಅಳಿವೆಯ ಸೆಳೆತಕ್ಕೆ ಎದುರಾಗಿ ಅತ್ತೆ ವೇಗ ಏರಿಸಿದಾಗ ನಾನು ಹೊಟ್ಟೆ ತೊಳಸುವುದನ್ನೂ ಮರೆತು ಮುಳ್ಳನ್ನೇ ನೋಡುತ್ತಿದ್ದೆ. ಅದು ಮಧ್ಯಕ್ಕೆ ಬಂತು, ನಿಂತಿತು. ಮಾವ ಹಿಂದೆ ಕೂತು, ಕೊಳವೆ ನೀರು ಉಗುಳುವ ಸದ್ದಿಗೆ ಕಿವಿ ಕೊಟ್ಟಿದ್ದರು. ಅಳಿವೆಯ ಆಚೆಗೆ ಹೋಗಿ, ತಿರುಗಿ, ಧಕ್ಕೆಗೆ ಬಂದು, ಮೊಟ್ಟೆಯನ್ನು ನೆಲಕ್ಕಿಡುವ ಹಾಗೆ ಅತ್ತೆ ದೋಣಿಯನ್ನು ಗೋಡೆಗೆ ತಾಗಿಸಿದರು.

ಪರೀಕ್ಷಕರು ಸಹಿ ಹಾಕಿ ಕಾಗದವನ್ನು ಅತ್ತೆಯ ಕೈಗೆ ಕೊಟ್ಟರು. "ಚೆನ್ನಾಗಿ ನಡೆಸಿದ್ರಿ. ಪರವಾನಗಿ ಸಿಕ್ಕ ಹಾಗೇ, ಜಾಗ ನಿಮ್ಮದೇ," ಎಂದರು. ಇಳಿಯುವ ಮುನ್ನ ಕುತೂಹಲಕ್ಕೋ ಏನೋ, ಇಂಜಿನ್ನಿನ ಕಡೆ ಕೈ ಮಾಡಿದರು. "ಇಷ್ಟು ಹಳೇ ಇಂಜಿನ್ನು, ಪೂರ್ತಿ ಜೋರಲ್ಲಿ ಓಡಿಸಿದ್ರೂ ಬಿಸಿಯಾಗ್ಲಿಲ್ಲ. ನೀರಿನ ದಾರಿ ಎಲ್ಲಾ ಯಾರು ನೋಡ್ಕೋತಾರೆ?"

"ತಳದ ಕೆಲಸ ನಮ್ಮ ಯಜಮಾನ್ರದ್ದು," ಎಂದರು ಅತ್ತೆ. "ನಿನ್ನೆ ಜರಡಿ ಬಿಡಿಸಿದ್ದೂ ಅವ್ರೇ. ನಾನು ಪಕ್ಕದಲ್ಲೇ ನಿಂತು ನೋಡಿದೀನಿ."

ಹಗ್ಗ ಸುತ್ತುತ್ತಿದ್ದ ಮಾವನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಉಳಿದದ್ದನ್ನೂ ಸುತ್ತಿ ಕೊಕ್ಕೆಗೆ ಹಾಕಿ, ಬರುವ ವರ್ಷ ತಳಕ್ಕೆ ಯಾವ ಬಣ್ಣ ತರೋಣ ಎಂದು ಅತ್ತೆಯನ್ನು ಕೇಳಿದರು.